ಸೈನ್ ಗ್ರಾಫ್ ಕಲಿಸೋಕೆ ಡೆಸ್ಮೋಸ್: ವರ್ಷಗಟ್ಟಲೆ ಬಳಸಿದ ಮೇಲೆ

ಸೈನ್ ಗ್ರಾಫ್ ಪಾಠದಲ್ಲಿ ಪಿಯುಸಿ ಮಕ್ಕಳು ಎಡವುವುದು ಹೆಚ್ಚಾಗಿ ಒಂದೇ ಕಡೆ. '3 ಸೈನ್ 2ಎಕ್ಸ್' ಕೊಟ್ಟರೆ ಆಂಪ್ಲಿಟ್ಯೂಡ್ (ನಡುಗೆರೆಯಿಂದ ಶಿಖರಕ್ಕಿರುವ ಎತ್ತರ) 3 ಅಂತ ಥಟ್ಟನೆ ಹೇಳುತ್ತಾರೆ. ಪೀರಿಯಡ್ (ಒಂದು ಪೂರ್ತಿ ಅಲೆಯ ಅಗಲ) ಕೇಳಿದರೆ ಪೈ ಅನ್ನುವ ಬದಲು 4ಪೈ ಅಂದುಬಿಡುತ್ತಾರೆ. ಸೈನ್ ಮುಂದಿರುವ 3 ಅನ್ನುವ ಸಂಖ್ಯೆ ಅಲೆಯನ್ನು ಎತ್ತರ ಮಾಡಿತು ಅಂದಮೇಲೆ, ಒಳಗಿನ 2 ಅಗಲ ಮಾಡಬೇಕಲ್ವಾ ಅನ್ನೋದು ಅವರ ಲೆಕ್ಕ. ಈ ಗಂಟು ಬಿಡಿಸೋಕೆ ನಾನು ಟ್ಯೂಷನ್‌ನಲ್ಲಿ ಡೆಸ್ಮೋಸ್ ಅನ್ನುವ ಆನ್‌ಲೈನ್ ಗ್ರಾಫ್ ಕ್ಯಾಲ್ಕುಲೇಟರ್ ಬಳಸುತ್ತೇನೆ. ದುಡ್ಡಿಲ್ಲ, ಲಾಗಿನ್ ಕೂಡ ಬೇಕಿಲ್ಲ.

'ಎ ಸೈನ್ ಬಿಎಕ್ಸ್' ಅಂತ ಟೈಪ್ ಮಾಡಿದರೆ ಎ, ಬಿ ಎರಡಕ್ಕೂ ಸ್ಲೈಡರ್ ಬೇಕಾ ಅಂತ ಅದೇ ಕೇಳುತ್ತದೆ. ಬಿ ಸ್ಲೈಡರನ್ನು 1ರಿಂದ 2ಕ್ಕೆ ಎಳೆಯಿರಿ. ಒಂದು ಅಲೆ ಇದ್ದ ಜಾಗದಲ್ಲಿ ಎರಡು ಕೂರುತ್ತವೆ. 2ಪೈಯನ್ನು ಬಿಯಿಂದ ಯಾಕೆ ಭಾಗಿಸಬೇಕು ಅಂತ ಆಮೇಲೆ ಜಾಸ್ತಿ ಹೇಳಬೇಕಾಗಿಲ್ಲ. ಎ 3 ಇಟ್ಟು ಗೆರೆ ಮೇಲೆ ಕ್ಲಿಕ್ ಮಾಡಿದರೆ ಬೂದು ಚುಕ್ಕಿಗಳು ಮೂಡುತ್ತವೆ. ಒಂದು ಶಿಖರ 0.785ರಲ್ಲಿ, ಮುಂದಿನದು 3.927ರಲ್ಲಿ. ಕಳೆದರೆ 3.142, ಪೈ ಸಿಕ್ಕಿತು.

ಎ ಮೈನಸ್ 3 ಆದರೆ ಅಲೆ ತಲೆಕೆಳಗಾಗುತ್ತದೆ, ಆಂಪ್ಲಿಟ್ಯೂಡ್ ಮಾತ್ರ 3ರಲ್ಲೇ ಇರುತ್ತದೆ. ಕೊನೆಗೆ 5 ಕೂಡಿಸಿದರೆ ಅಲೆ 2ರಿಂದ 8ರವರೆಗೆ ಆಡುತ್ತದೆ. ಆಂಪ್ಲಿಟ್ಯೂಡ್ 8 ಅನ್ನುವವರು ಸಿಗುವುದು ಇಲ್ಲೇ. 8ರಲ್ಲಿ 2 ಕಳೆದು ಅರ್ಧ ಮಾಡಿಸಿ, ಸುಮ್ನಾಗುತ್ತಾರೆ.

ಹೊಸಬರು ಸೆಟ್ಟಿಂಗ್ಸ್ ಒಮ್ಮೆ ನೋಡಿಕೊಳ್ಳಬೇಕು. ಅಡ್ಡ ಅಕ್ಷದಲ್ಲಿ ಬರುವುದು 5, 10 ಅಂತ ಸಾದಾ ಸಂಖ್ಯೆ. ಮೇಲಿನ ಸ್ಪ್ಯಾನರ್ ಗುರುತು ಒತ್ತಿ ಸ್ಟೆಪ್ ಜಾಗದಲ್ಲಿ ಪೈ/2 ಹಾಕಿದರೆ ಅಕ್ಷವೂ ಪೈ ಲೆಕ್ಕಕ್ಕೆ ಬರುತ್ತದೆ. ಅಲ್ಲೇ ಡಿಗ್ರಿ ಆಯ್ಕೆಯೂ ಇದೆ. ಅದು ಆನ್ ಆಗಿದ್ದರೆ ಸೈನ್ ಎಕ್ಸ್ ಬರೀ ಚಪ್ಪಟೆ ಗೆರೆ ಥರ ಕಾಣುತ್ತದೆ, ಯಾಕಂದ್ರೆ ಪರದೆ ಮೇಲಿರುವುದು 360ರಲ್ಲಿ ಹತ್ತಿಪ್ಪತ್ತು ಡಿಗ್ರಿಯಷ್ಟೆ.

ನನಗೆ ಇಷ್ಟದ ಉದಾಹರಣೆ ಮನೆ ಕರೆಂಟು: '325 ಸೈನ್ 100ಪೈಎಕ್ಸ್'. ಹಾಗೇ ಹಾಕಿದರೆ ಪರದೆಯೆಲ್ಲ ಗೀಚಿದಂತಾಗುತ್ತದೆ. ಎಕ್ಸ್ 0ರಿಂದ 0.04, ವೈ ಮೈನಸ್ 400ರಿಂದ 400 ಮಾಡಿ. ಎರಡು ಚೆಂದದ ಅಲೆ. ಪೀರಿಯಡ್ 0.02 ಸೆಕೆಂಡ್, ಅದೇ 50 ಹರ್ಟ್ಸ್. 230 ವೋಲ್ಟ್ ಅನ್ನುವ ಸಾಕೆಟ್ಟಿನಲ್ಲಿ ಶಿಖರ 325 ಅಂದಾಗ ಹುಡುಗರು ಕಣ್ಣರಳಿಸುತ್ತಾರೆ.

ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಡಿಜಿಟಲ್ ಎಸ್‌ಎಟಿ ಪರೀಕ್ಷೆಯೊಳಗೇ ಡೆಸ್ಮೋಸ್ ಇದೆ. ನಮ್ಮ ಪಿಯು ಪರೀಕ್ಷೆಗೆ ಪೆನ್ಸಿಲ್ಲೇ ಗತಿ. ಅದಕ್ಕೇ '3 ಸೈನ್ 2ಎಕ್ಸ್'ಗೆ 0, ಪೈ/4, ಪೈ/2, 3ಪೈ/4, ಪೈ ಐದೂ ಚುಕ್ಕಿ ಹಾಳೆ ಮೇಲೆ ಬಿದ್ದ ಮೇಲಷ್ಟೇ ನಾನು ಲ್ಯಾಪ್‌ಟಾಪ್ ತೆರೆಯುವುದು.