ಬಿಡಿಎಲ್ ಎಂದು ಬರೆದು ಕೈತೊಳೆದುಕೊಂಡ ನೀರು ಪರೀಕ್ಷೆ: ಐದರಲ್ಲಿ ಮೂರು ನಕ್ಷತ್ರ

ಮನೆ ಬಾಗಿಲಿಗೆ ಬಂದು ನೀರಿನ ಮಾದರಿ ಒಯ್ಯುವ ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದಕ್ಕೆ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಮಾದರಿ ಸಂಗ್ರಹಿಸಿದ ಹುಡುಗನಿಗೂ ಒಳಗೆ ಯಂತ್ರದ ಮುಂದೆ ಕುಳಿತ ಕೆಮಿಸ್ಟ್‌ಗೂ ಒಳ್ಳೆಯ ಅಂಕ. ವರದಿ ತಯಾರಿಸಿದವರಿಗೆ ಪಾಸಾಗುವಷ್ಟೂ ಇಲ್ಲ: ‘ಬಿಡಿಎಲ್’ (ಯಂತ್ರ ಪತ್ತೆ ಮಾಡಬಲ್ಲ ಮಿತಿಗಿಂತ ಕಡಿಮೆ) ಎಂದಷ್ಟೇ ಬರೆದು ಬಿಟ್ಟಿದ್ದಾರೆ. ಹೆಸರು ಹಾಕುವುದಿಲ್ಲ, ಏಕೆಂದರೆ ಬೇರೆ ಪ್ರಯೋಗಾಲಯಗಳ ವರದಿಗಳನ್ನೂ ನೋಡಿದ್ದೇನೆ; ಈ ರೋಗ ಇವರೊಬ್ಬರದಲ್ಲ.

ನಾನು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಹೆಸರಘಟ್ಟ ರಸ್ತೆಯ ನಮ್ಮ ಅಪಾರ್ಟ್‌ಮೆಂಟ್‌ಗೆ ಕಾವೇರಿ ನೀರು ಬಂದರೆ ಬಂತು, ಇಲ್ಲದಿದ್ದರೆ ಕೊಳವೆ ಬಾವಿಯೇ ಗತಿ. ಸಂಘದವರು ‘ನಿಮಗೆ ಗೊತ್ತಿರುವ ವಿಷಯ, ನೀವೇ ನೋಡಿಕೊಳ್ಳಿ’ ಎಂದು ಪರೀಕ್ಷೆಯ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು.

ಸಂಗ್ರಹಕ್ಕೆ ಬಂದ ಹುಡುಗ ಕೆಲಸ ಬಲ್ಲವನು. ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇರೆ ಬಾಟಲಿ, ಅದರೊಳಗೆ ಕ್ಲೋರಿನ್ನನ್ನು ಕೊಲ್ಲಲು ಥಯೋಸಲ್ಫೇಟ್. ಲೋಹಗಳ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿ, ಪಟ್ಟಿ ಅದ್ದಿ ಪಿಎಚ್ 2ಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡಿದ. ಆಮ್ಲ ಹಾಕದಿದ್ದರೆ ಸೀಸದಂಥ ಲೋಹಗಳು ಬಾಟಲಿಯ ಗೋಡೆಗೆ ಅಂಟಿ, ನೀರು ಪ್ರಯೋಗಾಲಯ ತಲುಪುವಷ್ಟರಲ್ಲಿ ‘ಶುದ್ಧ’ವಾಗಿಬಿಡುತ್ತದೆ. ನಲ್ಲಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನೀರನ್ನು ಕೆಲವು ನಿಮಿಷ ಹರಿಯಬಿಟ್ಟು ತುಂಬಿಸಿದ. ಕೊಟ್ಟ ಕಾಫಿಯನ್ನು ಕೈಗವಸು ತೆಗೆದು, ಕೈ ತೊಳೆದು ಕುಡಿದ. ಇಂಥವರನ್ನು ಕಂಡರೆ ನನಗೆ ಇಷ್ಟ.

ವರದಿ ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಬಂತು. ಫ್ಲೋರೈಡ್ ಲೀಟರಿಗೆ 0.8 ಮಿಲಿಗ್ರಾಂ, ನೈಟ್ರೇಟ್ 41. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ನೈಟ್ರೇಟ್ ಮಿತಿ 45, ಅಂದರೆ ಕಣ್ಣಿಡಬೇಕಾದ ಸಂಖ್ಯೆ. ಗಡಸುತನದ ಬಗ್ಗೆ ಹೇಳುವುದೇ ಬೇಡ, ನಮ್ಮ ಗೀಸರ್‌ಗಳೇ ಸಾಕ್ಷಿ. ಇಲ್ಲಿಯವರೆಗೆ ತಕರಾರಿಲ್ಲ. ಕೆಳಗೆ ಎರಡು ಸಾಲು: ಆರ್ಸೆನಿಕ್, ಬಿಡಿಎಲ್. ಸೀಸ, ಬಿಡಿಎಲ್. ಪತ್ತೆ ಮಿತಿಗಿಂತ ಕಡಿಮೆ ಎಂದು ಅದರ ಅರ್ಥ. ಯಾವ ಮಿತಿ? ಅದನ್ನು ಎಲ್ಲಿಯೂ ಬರೆದಿಲ್ಲ.

ಫೋನ್ ಮಾಡಿದೆ. ಗ್ರಾಹಕ ಸೇವೆಯ ಹುಡುಗಿ ವಿನಯದಿಂದಲೇ ಹೇಳಿದಳು: “ಬಿಡಿಎಲ್ ಅಂದರೆ ಇಲ್ಲ ಎಂದೇ ಅರ್ಥ, ಮೇಡಂ. ನಿಶ್ಚಿಂತೆಯಾಗಿ ಕುಡಿಯಿರಿ.”

“ಎಷ್ಟಕ್ಕಿಂತ ಕಡಿಮೆಯಮ್ಮಾ?”

“ಯಂತ್ರ ತುಂಬಾ ಸೂಕ್ಷ್ಮವಾದದ್ದು, ಮೇಡಂ.”

ಕೊನೆಗೆ ಕೆಮಿಸ್ಟ್‌ಗೆ ಲೈನ್ ಕೊಟ್ಟಳು. ಆತ ಸುತ್ತಿ ಬಳಸದೆ ಹೇಳಿದರು: ಸೀಸವನ್ನು ಜ್ವಾಲೆಯ ಎಎಎಸ್‌ನಲ್ಲಿ (ನೀರನ್ನು ಜ್ವಾಲೆಗೆ ಸಿಂಪಡಿಸಿ, ಲೋಹದ ಪರಮಾಣುಗಳು ಎಷ್ಟು ಬೆಳಕು ಹೀರುತ್ತವೆ ಎಂದು ನೋಡುವ ಯಂತ್ರ) ಅಳೆದಿದ್ದೇವೆ, ಪತ್ತೆ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಇರುವ ಮಿತಿ 0.01. ಅಂದರೆ ಮಿತಿಯ ನಾಲ್ಕು ಪಟ್ಟು ಸೀಸವಿದ್ದರೂ ನಮಗೆ ಇದೇ ‘ಬಿಡಿಎಲ್’ ವರದಿ ಬರುತ್ತಿತ್ತು. ಆರ್ಸೆನಿಕ್ ಕತೆ ಬೇರೆ. ಅದನ್ನು ಹೈಡ್ರೈಡ್ ವಿಧಾನದಲ್ಲಿ ಅನಿಲವಾಗಿಸಿ ನೀರಿನಿಂದ ಬೇರ್ಪಡಿಸಿ ಅಳೆದಿದ್ದರು, ಮಿತಿ 0.002. ಮಾನದಂಡ 0.01 ಆದ್ದರಿಂದ ಅಲ್ಲಿ ಬಿಡಿಎಲ್ ಎಂದರೆ ನಿಜಕ್ಕೂ ನೆಮ್ಮದಿ. ಒಂದೇ ಪುಟದಲ್ಲಿ ಒಂದರ ಕೆಳಗೊಂದು ಕುಳಿತ ಎರಡು ಬಿಡಿಎಲ್‌ಗಳಲ್ಲಿ ಒಂದಕ್ಕೆ ಬೆಲೆ ಇದೆ, ಇನ್ನೊಂದಕ್ಕೆ ಇಲ್ಲ. ಓದುವವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಒಂದು ನಕ್ಷತ್ರ ಹೋದದ್ದು ಇಲ್ಲಿ.

‘ಸೂಕ್ಷ್ಮ ಯಂತ್ರ’ ಎಂಬ ಮಾತು ಅವರ ಕರಪತ್ರದಲ್ಲೂ ದೊಡ್ಡ ಅಕ್ಷರಗಳಲ್ಲಿದೆ. ಸೂಕ್ಷ್ಮತೆ ಎಂದರೆ ಕ್ಯಾಲಿಬ್ರೇಷನ್ ಗೆರೆಯ ಇಳಿಜಾರು, ಅಷ್ಟೇ: ಸೀಸ ಇಷ್ಟು ಹೆಚ್ಚಿದರೆ ಓದಿಕೆ ಎಷ್ಟು ಏರುತ್ತದೆ ಎಂಬುದು. ಪತ್ತೆ ಮಿತಿಗೆ ಇನ್ನೊಂದು ಸಂಗತಿಯೂ ಬೇಕು, ಅದು ಗದ್ದಲ. ಸೀಸವೇ ಇಲ್ಲದ ಬ್ಲಾಂಕ್ ನೀರನ್ನು ಹತ್ತು ಬಾರಿ ಓದಿಸಿದರೆ ಹತ್ತೂ ಸಲ ಸೊನ್ನೆ ಬರುವುದಿಲ್ಲ. ಓದಿಕೆ ಅತ್ತಿತ್ತ ತೂಗುತ್ತದೆ. ಆ ತೂಗಾಟದ ಪ್ರಮಾಣ ವಿಚಲನೆಯ ಸುಮಾರು ಮೂರು ಪಟ್ಟನ್ನು ಇಳಿಜಾರಿನಿಂದ ಭಾಗಿಸಿದರೆ ಪತ್ತೆ ಮಿತಿ, ಹತ್ತು ಪಟ್ಟನ್ನು ಭಾಗಿಸಿದರೆ ಭರವಸೆಯಿಂದ ಸಂಖ್ಯೆ ಬರೆಯಬಹುದಾದ ಮಿತಿ. ರೇಡಿಯೊದ ಧ್ವನಿ ಏರಿಸಿದರೆ ಹಾಡಿನ ಜೊತೆ ಕರಕರ ಸದ್ದೂ ಏರುತ್ತದಲ್ಲ, ಯಂತ್ರದ ಸೂಕ್ಷ್ಮತೆಯನ್ನು ಮಾತ್ರ ಹೆಚ್ಚಿಸಿದರೂ ಹಾಗೆಯೇ.

ಸೀಸದಲ್ಲೇ ಇದಕ್ಕೆ ಚೆಂದದ ನಿದರ್ಶನವಿದೆ. ಜ್ವಾಲೆಯಲ್ಲಿ ಸೀಸವನ್ನು 217.0 ನ್ಯಾನೋಮೀಟರ್ ಬೆಳಕಿನಲ್ಲೂ ಅಳೆಯಬಹುದು, 283.3ರಲ್ಲೂ ಅಳೆಯಬಹುದು. ಸೂಕ್ಷ್ಮತೆ ಹೆಚ್ಚಿರುವುದು 217.0ರಲ್ಲಿ. ಆದರೂ ಅನುಭವಿಗಳು ಅನೇಕ ಸಲ 283.3ಕ್ಕೇ ಹೋಗುತ್ತಾರೆ, ಅಲ್ಲಿ ಗದ್ದಲ ಕಡಿಮೆ. ಈ ಕೆಮಿಸ್ಟ್ ಕೂಡ ಅದನ್ನೇ ಬಳಸಿದ್ದರು. ಕೇಳಿದ್ದಕ್ಕೆ “217ರಲ್ಲಿ ಬೇಸ್‌ಲೈನ್ ಕುಣಿಯುತ್ತದೆ, ಮೇಡಂ” ಎಂದರು. ಆ ಒಂದು ಮಾತಿಗೆ ಅವರಿಗೆ ನನ್ನ ಪೂರ್ತಿ ಅಂಕ.

ಇನ್ನೊಂದು ಸೂಕ್ಷ್ಮ. ಬ್ಲಾಂಕಿನ ತೂಗಾಟದಿಂದ ಹೀಗೆ ಲೆಕ್ಕ ಹಾಕಿದ ಪತ್ತೆ ಮಿತಿಯಷ್ಟೇ ಸೀಸವಿರುವ ನೀರನ್ನು ಅಳೆದರೆ, ಹೆಚ್ಚುಕಡಿಮೆ ಅರ್ಧದಷ್ಟು ಸಲ ಓದಿಕೆ ಆ ಮಿತಿಯ ಕೆಳಗೇ ಬೀಳುತ್ತದೆ. ಹಾಗಾಗಿ ಪತ್ತೆ ಮಿತಿ ಮಾನದಂಡದ ಆಸುಪಾಸಿನಲ್ಲಿದ್ದರೂ ಸಾಲದು, ಅದಕ್ಕಿಂತ ಸಾಕಷ್ಟು ಕೆಳಗಿರಬೇಕು.

ಮರುಪರೀಕ್ಷೆಯನ್ನು ಗ್ರಾಫೈಟ್ ಕುಲುಮೆಯಲ್ಲಿ ಮಾಡಿಸಿದೆ. ಜ್ವಾಲೆಯ ವಿಧಾನದಲ್ಲಿ ಹೀರಿದ ನೀರಿನ ಬಹುಪಾಲು ಜ್ವಾಲೆ ತಲುಪದೆ ಚರಂಡಿ ಪಾಲಾಗುತ್ತದೆ, ತಲುಪಿದ ಪರಮಾಣುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುತ್ತವೆ. ಕುಲುಮೆಗೆ ಇಪ್ಪತ್ತು ಮೈಕ್ರೋಲೀಟರ್ ಹಾಕಿದರೆ ಸಾಕು. ಪುಟ್ಟ ಕೊಳವೆಯೊಳಗೆ ಒಣಗಿಸಿ, ಸುಟ್ಟು, ಆವಿಯಾಗಿಸಿದಾಗ ಸೀಸವೆಲ್ಲ ಬೆಳಕಿನ ದಾರಿಯಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ಈ ಸಲ ವರದಿ ಮಾಡಬಹುದಾದ ಕನಿಷ್ಠ ಮಟ್ಟ 0.001 ಎಂದು ಬರೆಸಿಕೊಂಡ ಮೇಲೆಯೇ ಹಣ ಕೊಟ್ಟೆ. ಇದಕ್ಕೆ ಪ್ರತ್ಯೇಕ ಶುಲ್ಕ. ಆದರೆ ಮೊದಲ ಪ್ಯಾಕೇಜಿನಲ್ಲೇ ‘ಸೀಸ’ ಎಂದು ಹಾಕಿ ಹಣ ಪಡೆದಿದ್ದರಲ್ಲ, ಅದು ಯಾತಕ್ಕಾಗಿ ಎಂಬ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಹುಡುಗನಿಗೂ ಒಂದು ಮಾತು ಹೇಳಬೇಕಾಯಿತು. ನೀರನ್ನು ಹರಿಯಬಿಟ್ಟು ತುಂಬಿಸುವುದು ಕೊಳವೆ ಬಾವಿಯ ಗುಣ ತಿಳಿಯಲು ಸರಿ. ಸೀಸ ಮಾತ್ರ ಅನೇಕ ಸಲ ನೆಲದಿಂದ ಬರುವುದಿಲ್ಲ; ಹಿತ್ತಾಳೆಯ ನಲ್ಲಿ, ಹಳೆಯ ಬೆಸುಗೆ, ಕೆಲವು ಪಿವಿಸಿ ಪೈಪುಗಳಿಂದ ಬರುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಬಾಟಲಿಯೇ ಅದಕ್ಕೆ ಬೇಕು. ಆತ ಬೆಳಿಗ್ಗೆ ಆರಕ್ಕೇ ಬಂದ, ಗೊಣಗಲಿಲ್ಲ. ಮೊದಲ ನೀರಿನಲ್ಲಿ 0.006, ಹರಿದ ನೀರಿನಲ್ಲಿ 0.002. ಎರಡೂ ಮಿತಿಯೊಳಗೆ. ನಲ್ಲಿಯ ಪಾಲು ಎಷ್ಟು ಎಂಬುದೂ ಕಣ್ಣಿಗೆ ಕಂಡಿತು. ಜ್ವಾಲೆಯ ವರದಿಯಲ್ಲಿ ಈ ಎರಡೂ ಒಂದೇ ಬಿಡಿಎಲ್ ಆಗಿರುತ್ತಿದ್ದವು.

ಈ ನಡುವೆ ನಮ್ಮ ಸಂಘದ ಕಾರ್ಯದರ್ಶಿ ಎಕ್ಸೆಲ್ ಹಾಳೆಯಲ್ಲಿ ಬಿಡಿಎಲ್ ಇದ್ದ ಕಡೆಯೆಲ್ಲ ಸೊನ್ನೆ ತುಂಬಿ, ವಾರ್ಷಿಕ ಸರಾಸರಿ ತೆಗೆದು, ಲಿಫ್ಟಿನ ಪಕ್ಕ ಅಂಟಿಸಿದ್ದರು. ಅಳಿಸಿ ‘0.05ಕ್ಕಿಂತ ಕಡಿಮೆ’ ಎಂದು ಬರೆಸಲು ನನಗೆ ಮರುಪರೀಕ್ಷೆಗಿಂತ ಹೆಚ್ಚು ಶ್ರಮವಾಯಿತು. “ಜನ ಗಾಬರಿಯಾಗುತ್ತಾರೆ ಮೇಡಂ” ಎಂಬುದು ಅವರ ವಾದ.

ಪರೀಕ್ಷೆ ಮಾಡಿಸುವವರು ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯಾದ ಎನ್‌ಎಬಿಎಲ್‌ನ ಮುದ್ರೆ ನೋಡಿ ಸುಮ್ಮನಾಗಬೇಡಿ. ಮಾನ್ಯತೆ ಸಿಗುವುದು ಒಂದೊಂದು ಅಂಶಕ್ಕೆ, ಒಂದೊಂದು ವಿಧಾನಕ್ಕೆ, ಇಂತಿಷ್ಟು ವ್ಯಾಪ್ತಿಗೆ. ಆ ಪಟ್ಟಿಯನ್ನು ಕೇಳಿ ತರಿಸಿಕೊಂಡು, ಸೀಸದ ಸಾಲಿನಲ್ಲಿ ಕೆಳಗಿನ ಅಂಕಿ ಎಷ್ಟಿದೆ ನೋಡಿ, 0.01ಕ್ಕಿಂತ ಮೇಲಿದ್ದರೆ ಆ ಪರೀಕ್ಷೆಗೆ ಹಣ ಕೊಡಬೇಡಿ.

ಮುಂದಿನ ವರ್ಷವೂ ಇವರ ಬಳಿಗೇ ಹೋಗುತ್ತೇನೆ, ಆ ಕೆಮಿಸ್ಟ್ ಅಲ್ಲೇ ಇದ್ದರೆ. ಎರಡನೆಯ ನಕ್ಷತ್ರ ಹಿಡಿದಿಟ್ಟದ್ದು ಪತ್ತೆ ಮಿತಿಯ ಕಾಲಂ ಸೇರಿಸಿದ ತಿದ್ದುಪಡಿ ವರದಿಗಾಗಿ. “ಸಾಫ್ಟ್‌ವೇರ್‌ನಲ್ಲಿ ಆ ಕಾಲಂ ಇಲ್ಲ, ಮೇಡಂ” ಎನ್ನುತ್ತಿದ್ದಾರೆ. ಕೈಯಲ್ಲೇ ಬರೆದು ಸಹಿ ಹಾಕಿ ಕಳಿಸಿ ಎಂದಿದ್ದೇನೆ.