ಹೀಟರ್ ರಾಡಿನ ಬಿಳಿ ಹಕ್ಕಳೆಗೆ ಯಾವ ಹುಳಿ?

ನಲ್ಲಿಗೆ ಮಲಪ್ರಭಾ ನೀರು ಬಂದ ದಿನ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಹಬ್ಬ. ಉಳಿದ ದಿನ ಬೋರ್ ನೀರೇ ಗತಿ. ಅದರಲ್ಲಿ ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ. ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿಗಂತೂ ಎರಡೇ ತಿಂಗಳಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ನೀರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ರಾಡಿಗೆ ಅಂಟಿಕೊಳ್ಳುತ್ತದೆ. ಅಂದರೆ ಸುಣ್ಣದ ಕಲ್ಲೇ.

ಇದನ್ನು ಕರಗಿಸಲು ಆಮ್ಲ ಬೇಕು. ಯಾವ ಆಮ್ಲ ಅಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅವ್ವನ ಓಟು ಹುಣಸೆಹಣ್ಣಿಗೆ. "ಹಿತ್ತಾಳಿ ತಂಬಿಗಿ ಹೆಂಗ ಹೊಳೀತದ ನೋಡಿಲ್ಲೇನು?" ಅಂದಳು. ತಮ್ಮ ವಿನೆಗರ್ ಅಂದ. ನಾನು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ತಂದೆ. ಹಕ್ಕಳೆಯನ್ನು ಉಗುರಿನಷ್ಟು ಚೂರು ಮಾಡಿ ಮೂರು ಗಾಜಿನ ಲೋಟಕ್ಕೆ ಹಾಕಿದೆ. ಒಂದಕ್ಕೆ ಹುಣಸೆ ರಸ, ಒಂದಕ್ಕೆ ವಿನೆಗರ್, ಮತ್ತೊಂದಕ್ಕೆ ಒಂದು ಲೋಟ ಬಿಸಿನೀರಲ್ಲಿ ಎರಡು ಚಮಚ ನಿಂಬೆ ಉಪ್ಪು.

ಹುಳಿ ಎಷ್ಟಿದೆ ಅಂತ ಬಣ್ಣ ಬದಲಿಸಿ ತೋರಿಸುವ ಪಿಎಚ್ ಪಟ್ಟಿ ಅದ್ದಿದಾಗ ಹುಣಸೆ 3ರ ಹತ್ತಿರ, ವಿನೆಗರ್ 2 ಮತ್ತು 3ರ ನಡುವೆ, ನಿಂಬೆ ಉಪ್ಪು 2 ತೋರಿಸಿತು. ನೋಡಲು ಹೆಚ್ಚೂಕಡಿಮೆ ಒಂದೇ ಅಲ್ವಾ? ಆದರೆ 1909ರಲ್ಲಿ ಸೋರೆನ್‌ಸೆನ್ ಎಂಬ ಡೆನ್ಮಾರ್ಕಿನ ವಿಜ್ಞಾನಿ ಕೊಟ್ಟ ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿಯ ತೀಕ್ಷ್ಣತೆ ಹತ್ತು ಪಟ್ಟು ಏರುತ್ತದೆ.

ನಿಂಬೆ ಉಪ್ಪಿನ ಲೋಟ ಸೋಡಾ ಬಾಟಲಿ ಬಿಚ್ಚಿದ ಹಾಗೆ ಬುಸ್ ಅಂತು. ಗುಳ್ಳೆಗಳು ಚೂರನ್ನೇ ಎತ್ತಿ ಮೇಲೆ ತರುತ್ತಿದ್ದವು, ಅದು ಮತ್ತೆ ಮುಳುಗುತ್ತಿತ್ತು. ಸುಮ್ನೆ ನೋಡುತ್ತಾ ಕೂತೆ. ಮುಕ್ಕಾಲು ಗಂಟೆಗೆ ಚೂರು ಇಲ್ಲವಾಯಿತು. ವಿನೆಗರ್‌ನಲ್ಲಿ ಗುಳ್ಳೆ ಸಣ್ಣ, ನಿಧಾನ. ಮಧ್ಯಾಹ್ನದ ಊಟ ಮುಗಿಸಿ ಬಂದರೂ ಅರ್ಧ ಚೂರು ಉಳಿದಿತ್ತು. ಜೊತೆಗೆ ಮನೆ ತುಂಬ ಉಪ್ಪಿನಕಾಯಿ ಕೆಟ್ಟ ವಾಸನೆ.

ಹುಣಸೆಯದು ಸೋಲು. ಮರುದಿನವೂ ಚೂರು ಇತ್ತು, ಅದರ ಮೇಲೆ ಬಿಳಿ ಮರಳಿನಂಥದ್ದು ಕೂತಿತ್ತು. ಹುಣಸೆಯ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ಅದು ಕ್ಯಾಲ್ಸಿಯಂ ಜೊತೆ ಸೇರಿ ಆಗುವ ಲವಣ ನೀರಲ್ಲಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಚೂರಿನ ಮೇಲೇ ಕೂತು ಒಳಗೆ ಹುಳಿ ಹೋಗದಂತೆ ತಡೆಯುತ್ತದೆ. ಹಿತ್ತಾಳೆಯ ಕಥೆ ಬೇರೆ. ಅಲ್ಲಿ ತೆಗೆಯಬೇಕಿರುವುದು ತಾಮ್ರದ ಆಕ್ಸೈಡಿನ ತೆಳು ಪದರ ಅಷ್ಟೆ. ಅವ್ವನಿಗೆ ಇದನ್ನು ಹೇಳಿದೆ, ಆಕೆ ತಂಬಿಗೆ ತಂದು ಮುಂದಿಟ್ಟಳು.

ನಿಂಬೆ ಉಪ್ಪಿಗೂ ಒಂದು ಕೊರತೆ ಇದೆ. ಜಾಸ್ತಿ ಹಕ್ಕಳೆ ಇದ್ದರೆ ಕ್ಯಾಲ್ಸಿಯಂ ಸಿಟ್ರೇಟ್ ತಳದಲ್ಲಿ ಬಿಳಿಯಾಗಿ ನಿಲ್ಲುತ್ತದೆ. ಅದು ಬಿಸಿನೀರಿಗಿಂತ ತಣ್ಣೀರಲ್ಲೇ ತುಸು ಹೆಚ್ಚು ಕರಗುತ್ತದೆ, ಹಾಗಾಗಿ ಕೊನೆಗೆ ತಣ್ಣೀರಲ್ಲಿ ತೊಳೆಯಿರಿ. ಗುಳ್ಳೆ ನಿಂತಾಗ ಪಟ್ಟಿ ಅದ್ದಿ ನೋಡಿ. ಅದು 5ರ ಆಸುಪಾಸು ತೋರಿಸಿದರೆ ಆಮ್ಲ ಮುಗಿದಿದೆ, ಹಕ್ಕಳೆ ಮುಗಿದಿರಲಿಕ್ಕಿಲ್ಲ. ಹೊಸ ನೀರು ಕಲಸಬೇಕು. ಪ್ಲಗ್ ತೆಗೆದು, ರಾಡ್ ತಣ್ಣಗಾದ ಮೇಲೆಯೇ ಇದೆಲ್ಲ.

ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನೊರೆ ಚೆನ್ನಾಗಿ ಬರುತ್ತದೆ ನಿಜ. ಆದರೆ ಆಮ್ಲ, ಕ್ಷಾರ ಒಂದನ್ನೊಂದು ತಿಂದು ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಕಕ್ಕಸು ತೊಳೆಯುವ ಆಸಿಡ್ ಈ ಪೈಪೋಟಿಯಲ್ಲೇ ಇಲ್ಲ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಹಕ್ಕಳೆಯನ್ನು ನಿಮಿಷದಲ್ಲಿ ತಿನ್ನುತ್ತದೆ, ಹಿಂದೆಯೇ ಸ್ಟೀಲನ್ನೂ. ಅದಕ್ಕೆ ಬ್ಲೀಚಿಂಗ್ ಪೌಡರ್ ತಾಗಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಲೋಟಗಳನ್ನು ಎತ್ತುವಾಗ ನಿಂಬೆ ಉಪ್ಪಿನ ನೀರು ನೆಲಕ್ಕೆ ಚೆಲ್ಲಿತು. ಆಮೇಲೆ ಒರೆಸಿದರಾಯಿತು ಅಂತ ಬಿಟ್ಟೆ. ನಮ್ಮ ಮನೆಯ ನೆಲ ಶಹಾಬಾದ್ ಫರಸಿ. ಅದೂ ಸುಣ್ಣದ ಕಲ್ಲೇ ಅನ್ನುವುದು ಗುಳ್ಳೆ ಎದ್ದಾಗ ನೆನಪಾಯಿತು. ಅಂಗೈಯಗಲ ಮಾಸಲು ಬಿಳಿ ಕಲೆ ಹಾಗೇ ಉಳಿದಿದೆ. ಈಗ ಅದರ ಮೇಲೆ ಹೀಟರ್ ಬಕೆಟ್ ಇಟ್ಟಿದ್ದೇವೆ.