ಮ್ಯಾಸಿ 35ಕ್ಕೆ 135ರ ಹೈಡ್ರಾಲಿಕ್ ಪಂಪ್: ಕೊಳ್ಳುವ ಮೊದಲು ಹಲ್ಲು ಎಣಿಸಿ

ಹಳೆಯ ಮ್ಯಾಸಿ ಫರ್ಗುಸನ್ 35 ಟ್ರಾಕ್ಟರಿನ ಲಿಫ್ಟ್, ಅಂದರೆ ಹಿಂದೆ ಕಟ್ಟಿದ ನೇಗಿಲನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ವ್ಯವಸ್ಥೆ, ಸೋತಾಗ ಬಿಡಿಭಾಗದ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಮ್ಯಾಸಿ 135ರ ಪಂಪ್. ‘ಎರಡೂ ಒಂದೇ ಕಂಪನಿ, ಆರಾಮಾಗಿ ಕೂರುತ್ತೆ’ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಆ ಮಾತು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಹೌಸಿಂಗ್ ಬಿಚ್ಚಿ ಕೂತವರ ಟ್ರಾಕ್ಟರು ಬಿತ್ತನೆಯ ಹದ ಮುಗಿಯುವವರೆಗೂ ಶೆಡ್ಡಿನಲ್ಲೇ ನಿಲ್ಲುತ್ತದೆ.

ಇವೆರಡೂ ಒಂದೇ ಮನೆತನದ ಯಂತ್ರಗಳು. 35ಕ್ಕೆ 3 ಸಿಲಿಂಡರಿನ ಪರ್ಕಿನ್ಸ್ ಇಂಜಿನ್ ಬಂದದ್ದು 1959ರ ಕೊನೆಗೆ, 135 ಬಂದದ್ದು 1964ರಲ್ಲಿ. ನಮ್ಮ ಹೊಲಗಳಲ್ಲಿರುವ ಟಾಫೆ 1035 ಕೂಡ 35ರ ವಂಶದ್ದೇ. ಮೂಲ ವಿನ್ಯಾಸ ಹ್ಯಾರಿ ಫರ್ಗುಸನ್ನರದು: ಗೇರುಪೆಟ್ಟಿಗೆಯ ಹಿಂದಿನ ಸೆಂಟರ್ ಹೌಸಿಂಗಿನ ಒಳಗೆ, ಎಣ್ಣೆಯಲ್ಲೇ ಮುಳುಗಿ ಕೂತ 4 ಸಿಲಿಂಡರಿನ ಪಿಸ್ಟನ್ ಪಂಪ್. ಕಂಟ್ರೋಲ್ ವಾಲ್ವು ಎಣ್ಣೆ ಹೊರಹೋಗುವ ಕಡೆ ಇಲ್ಲ, ಒಳಬರುವ ಕಡೆ ಇದೆ. ಎಣ್ಣೆ ಬೇಡವಾದಾಗ ಪಂಪ್ ಹೀರುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಈ ಪಂಪ್ ಸುಮ್ಮನೆ ಬಿಸಿಯಾಗುವುದಿಲ್ಲ, ಬೇಗ ಸವೆಯುವುದೂ ಇಲ್ಲ. ಇಷ್ಟು ಸರಳವಾಗಿ ಇಷ್ಟು ಕಾಲ ಬಾಳುವ ಪಂಪ್ ಟ್ರಾಕ್ಟರುಗಳಲ್ಲಿ ಅಪರೂಪ.

ಇನ್ನು ವ್ಯತ್ಯಾಸ. ಎಲ್ಲಕ್ಕಿಂತ ದೊಡ್ಡದು ಸ್ಪ್ಲೈನ್, ಅಂದರೆ ಶಾಫ್ಟಿನ ಹಲ್ಲು. ಈ ಕುಟುಂಬದ ಪಂಪುಗಳು 10 ಹಲ್ಲಿನವೂ ಇವೆ, 21 ಹಲ್ಲಿನವೂ ಇವೆ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ. ಪಂಪಿನ ಪಿಸ್ಟನ್ನುಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್, ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗ್, ಅದಕ್ಕೆ ಸೇರುವ ಶಾಫ್ಟ್ ಮೂರೂ ಒಂದೇ ಲೆಕ್ಕದವಾಗಿರಬೇಕು. ಬಿಲ್ಲಿನ ಮೇಲೆ ‘135ರ ಪಂಪ್’ ಎಂದು ಬರೆದಿದ್ದರೆ ಸಾಲದು. ಹಳೆಯ ಪಂಪನ್ನೇ ಅಂಗಡಿಗೆ ಒಯ್ದು, ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿ. ಟ್ರಾಕ್ಟರಿಗೆ ವಯಸ್ಸಾಗಿದ್ದರೆ ಹಿಂದಿನ ಯಾರೋ ಮಾಲೀಕರು ಶಾಫ್ಟನ್ನೂ ಬದಲಿಸಿರಬಹುದು. ಆದ್ದರಿಂದ ಮಾಡೆಲ್ ನಂಬರಿಗಿಂತ ಒಳಗೆ ಈಗ ಇರುವ ಹಲ್ಲೇ ಖಚಿತ ಸಾಕ್ಷಿ.

ಎರಡನೆಯದು ಕಂಟ್ರೋಲ್ ವಾಲ್ವಿನ ಲಿವರು. ಲಿಫ್ಟ್ ಕವರಿನಿಂದ ಕೆಳಗಿಳಿಯುವ ಉದ್ದನೆಯ ಲಿವರುಗಳು ಪಂಪಿನ ಲಿವರನ್ನು ತಳ್ಳಿದಾಗಲೇ ವಾಲ್ವು ಕದಲುವುದು. ಹೊಸ ಪಂಪಿನ ಲಿವರಿನ ಎತ್ತರ, ಬಾಗು, ತುದಿ ಹಳೆಯದರಂತಿಲ್ಲದಿದ್ದರೆ ಪಂಪ್ ಕೂರುತ್ತದೆ, ಆದರೆ ಲಿಫ್ಟ್ ಒಂದೋ ಏಳುವುದೇ ಇಲ್ಲ, ಇಲ್ಲವೇ ಎದ್ದದ್ದು ಇಳಿಯುವುದಿಲ್ಲ. 135ರಲ್ಲಿ ಪ್ರೆಷರ್ ಕಂಟ್ರೋಲ್ (ಲಿಫ್ಟಿನ ಒತ್ತಡವನ್ನು ಬೇಕಾದಷ್ಟಕ್ಕೆ ಹಿಡಿದಿಡುವುದು) ಎಂಬ ಹೆಚ್ಚುವರಿ ವ್ಯವಸ್ಥೆಯೂ ಇದೆ. ಪಂಪ್ ಒಂದನ್ನೇ ತಂದು ಹಾಕಿದ ಮಾತ್ರಕ್ಕೆ ಅದು 35ಕ್ಕೆ ಬರುವುದಿಲ್ಲ. ಅದು ಬೇಕೆಂದರೆ ಕವರಿನ ಲಿಂಕೇಜನ್ನೂ ಸೇರಿಸಿ ಯೋಚಿಸಬೇಕು.

ಮತ್ತೊಂದು ನಿರೀಕ್ಷೆಯನ್ನೂ ಮೊದಲೇ ಬಿಡುವುದು ಒಳ್ಳೆಯದು. ಸಿಂಗಲ್ ಕ್ಲಚ್ಚಿನ 35ರಲ್ಲಿ ಕ್ಲಚ್ ತುಳಿದರೆ ಪಂಪ್ ನಿಲ್ಲುತ್ತದೆ, ಲಿಫ್ಟೂ ಅಲ್ಲೇ ನಿಲ್ಲುತ್ತದೆ. 135ರ ಪಂಪ್ ಹಾಕಿದರೆ ಈ ತೊಂದರೆ ಹೋಗುವುದಿಲ್ಲ, ಏಕೆಂದರೆ ಅದು ಪಂಪಿನ ಗುಣವಲ್ಲ, ಕ್ಲಚ್ಚಿನದು. ಡಬಲ್ ಕ್ಲಚ್ಚೂ ಅದರ ಶಾಫ್ಟುಗಳೂ ಇದ್ದರೆ ಮಾತ್ರ ಲೈವ್ ಹೈಡ್ರಾಲಿಕ್, ಅಂದರೆ ಗೇರಿನ ಕ್ಲಚ್ ತುಳಿದಾಗಲೂ ನಡೆಯುವ ಲಿಫ್ಟ್.

ಕೊಳ್ಳುವುದಕ್ಕೆ ಮೂರು ದಾರಿ. ಗುಜರಿಯಿಂದ ಬಿಚ್ಚಿದ ಪಂಪ್, ಹೊಸ ರೆಡಿಮೇಡ್ ಪಂಪ್, ಇಲ್ಲವೇ ಇರುವ ಪಂಪಿಗೇ ರಿಪೇರಿ ಕಿಟ್. ಹೌಸಿಂಗ್ ಒಡೆದಿಲ್ಲ, ಕ್ಯಾಮಿನಲ್ಲಿ ಗೀರಿಲ್ಲ ಎಂದಾದರೆ ನಮ್ಮ ಮೊದಲ ಮತ ರಿಪೇರಿ ಕಿಟ್ಟಿಗೇ. ರಿಂಗು, ಓರಿಂಗು (ರಬ್ಬರಿನ ಸೀಲು), ವಾಲ್ವ್ ಚೇಂಬರು ಬದಲಿಸಿದರೆ ಸಾಮಾನ್ಯವಾಗಿ ಪಂಪ್ ಚೇತರಿಸಿಕೊಳ್ಳುತ್ತದೆ, ಹಲ್ಲಿನ ಲೆಕ್ಕದ ತಲೆನೋವೂ ಇಲ್ಲ. ಹೊಸ ಪಂಪ್ ಹಲ್ಲು ಹೊಂದಿದರೆ ಒಳ್ಳೆಯ ಆಯ್ಕೆಯೇ. ಆದರೆ ಪೆಟ್ಟಿಗೆ ತೆರೆದ ಕೂಡಲೇ ಕಂಟ್ರೋಲ್ ವಾಲ್ವನ್ನು ಕೈಯಲ್ಲಿ ಆಡಿಸಿ ನೋಡಿ: ಎಲ್ಲೂ ಹಿಡಿಯದೆ ಜಾರಬೇಕು, ಅಕ್ಕಪಕ್ಕ ಅಲುಗಾಡಬಾರದು. ಗುಜರಿ ಪಂಪಿನಲ್ಲಿ ನೀರು ನಿಂತು ತುಕ್ಕು ಹಿಡಿದಿದ್ದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. ತುಕ್ಕು ತಿಂದ ವಾಲ್ವು ಉಜ್ಜಿದಷ್ಟೂ ಸಡಿಲವಾಗುತ್ತದೆ. ಒಂದು ಪಂಪಿನ ವಾಲ್ವು, ಇನ್ನೊಂದರ ಬುಷ್ (ವಾಲ್ವು ಜಾರುವ ಕೊಳವೆ) ಎಂದು ಬೆರೆಸುವುದಂತೂ ಕೂಡದು. ಅವು ಜೋಡಿಯಾಗಿಯೇ ಹೊಂದಿಕೊಂಡಿರುತ್ತವೆ.

ಪಂಪಿಗೆ ಕೈ ಹಾಕುವ ಮುಂಚೆ ತಪ್ಪು ನಿಜವಾಗಿ ಅದರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ನೇಗಿಲು ಎತ್ತಿ, ಇಂಜಿನ್ ನಿಲ್ಲಿಸಿ, ನೇಗಿಲಿನ ಕೆಳಗೆ ಗಟ್ಟಿ ದಿಮ್ಮಿ ಕೊಡಿ. ಭಾರ ತೋಳಿನ ಮೇಲೇ ಇರಬೇಕಾದ್ದರಿಂದ ದಿಮ್ಮಿ ನೇಗಿಲಿಗೆ ತಾಗದೆ ಒಂದೆರಡು ಬೆರಳು ಕೆಳಗಿರಲಿ. ಎಣ್ಣೆ ಇಳಿಸಿ, ಪಕ್ಕದ ಇನ್‌ಸ್ಪೆಕ್ಷನ್ ಪ್ಲೇಟು ಬಿಚ್ಚಿ ಟಾರ್ಚು ಹಾಕಿ ನೋಡಿ. ಲಿಫ್ಟ್ ಸಿಲಿಂಡರಿನ ಬಾಯಿಂದ ಎಣ್ಣೆ ಸುರಿಯುತ್ತಿದ್ದರೆ ಪಿಸ್ಟನ್ನಿನ ರಿಂಗು ಹೋಗಿದೆ. ಮೇಲಕ್ಕೆ ಹೋಗುವ ನಿಂತ ಪೈಪಿನ ಸುತ್ತ ಒಸರುತ್ತಿದ್ದರೆ ಅದರ ಓರಿಂಗು. ಇವೆರಡೂ ಒಣಗಿದ್ದು ಪಂಪಿನ ಕಡೆಯಿಂದ ಮಾತ್ರ ಎಣ್ಣೆ ಬರುತ್ತಿದ್ದರೆ ಆಗ ಪಂಪನ್ನು ಶಂಕಿಸಿ. ಲಿಫ್ಟ್ ನಿಧಾನವಾದರೂ ಸಮನಾಗಿ ಏಳದೆ ಬಿಕ್ಕಳಿಸಿದಂತೆ ಜಗ್ಗಿ ಜಗ್ಗಿ ಎದ್ದರೆ ಒಂದು ಕಡೆಯ ಚೇಂಬರಿನ ವಾಲ್ವು ಕೆಲಸ ನಿಲ್ಲಿಸಿದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮೊದಲು ಪೂರಾ ಎಣ್ಣೆ ಬದಲಿಸಿ, ಫಿಲ್ಟರ್ ತೊಳೆದು ನೋಡಿ. ಅಂಟಿಕೊಂಡಿದ್ದ ವಾಲ್ವು ಅಷ್ಟಕ್ಕೇ ಬಿಡುವುದುಂಟು.

ಉಳುವಾಗ ಮಾತ್ರ ನೇಗಿಲು ಕುಣಿಯುತ್ತಿದ್ದರೆ ಟಾಪ್ ಲಿಂಕ್ ಸಿಕ್ಕಿಸುವ ಜಾಗದ ದೊಡ್ಡ ಸ್ಪ್ರಿಂಗು ನೋಡಿ. ಅದು ಹಿಂದೆ ಮುಂದೆ ಅಲುಗಬಾರದು, ಆದರೆ ಕೈಯಿಂದ ತಿರುಗಿಸಿದರೆ ತಿರುಗಬೇಕು. ಅಲ್ಲಿನ ಸಡಿಲಕ್ಕೆ ಪಂಪ್ ಬದಲಿಸಿದರೆ ದುಡ್ಡು ಹೋಗುತ್ತದೆ, ಕುಣಿತ ಹೋಗುವುದಿಲ್ಲ.

ಫಿಟ್ಟಿಂಗಿಗೆ ಚೈನ್ ಪುಲ್ಲಿ ಇರಲೇಬೇಕು. ಸಿಲಿಂಡರ್ ಸಮೇತದ ಲಿಫ್ಟ್ ಕವರು ಕೈಯಲ್ಲಿ ಎತ್ತುವ ತೂಕವಲ್ಲ. ಸೀಟು, ಲಿಂಕುಗಳು, ನಿಂತ ಪೈಪು ಕಳಚಿ, ಕವರನ್ನು ನೇರ ಮೇಲಕ್ಕೆತ್ತಿ. ಪಿ.ಟಿ.ಒ. ಶಾಫ್ಟನ್ನು (ಹಿಂದೆ ಕಟ್ಟಿದ ಯಂತ್ರಗಳನ್ನು ತಿರುಗಿಸುವ ಶಾಫ್ಟ್) ಹಿಂದಕ್ಕೆಳೆಯಿರಿ. ಪಂಪನ್ನು ಹೌಸಿಂಗಿನ ಎರಡೂ ಪಕ್ಕದಿಂದ ಹಿಡಿದಿರುವ ಡವೆಲ್ ಪಿನ್ನುಗಳು ಬಂದ ಮೇಲೆ ಪಂಪ್ ಸಡಿಲವಾಗುತ್ತದೆ. ವಾಪಸ್ ಕೂರಿಸುವಾಗ ಆ ಪಿನ್ನುಗಳಿಗೆ ಹೊಸ ಸೀಲು ಹಾಕಿ, ಇಲ್ಲವಾದರೆ ಅಲ್ಲಿಂದಲೇ ಎಣ್ಣೆ ಹೊರಗೆ ಜಿನುಗುತ್ತದೆ. ಬೋಲ್ಟುಗಳು ಇಂಚಿನ ಥ್ರೆಡ್ಡಿನವು. ಮಿಲಿಮೀಟರ್ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೆ ಹೌಸಿಂಗೇ ಹಾಳು.

ಹೆಚ್ಚಿನವರು ಎಡವುವುದು ಕವರು ಇಳಿಸುವಾಗ. ಮೇಲಿನ ಲಿವರುಗಳ ತುದಿ ಪಂಪಿನ ಲಿವರಿನ ಸರಿಯಾದ ಬದಿಗೇ ಇಳಿಯಬೇಕು. ಬಿಚ್ಚುವ ಮೊದಲೇ ಪಕ್ಕದ ಕಿಂಡಿಯಿಂದ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಇಳಿಸುವಾಗ ಒಬ್ಬರು ಅದೇ ಕಿಂಡಿಯಲ್ಲಿ ನೋಡುತ್ತಾ ಹೇಳಲಿ, ಬೆರಳು ಮಾತ್ರ ಒಳಗೆ ಹಾಕಬೇಡಿ. ಲಿವರು ತಪ್ಪಿ ಕೂತಿದ್ದರೂ ಬೋಲ್ಟು ಬಿಗಿಯಾಗುತ್ತದೆ, ಒಳಗೆ ಲಿವರು ಬಾಗುತ್ತದೆ.

ಗೇರುಪೆಟ್ಟಿಗೆ, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ, ಹತ್ತಿರಹತ್ತಿರ 30 ಲೀಟರ್. ಅದಕ್ಕೇ ಗೇರಿನ ಕಬ್ಬಿಣದ ಪುಡಿಯೆಲ್ಲ ಪಂಪಿನ ಬಾಯಿಗೇ ಬರುತ್ತದೆ. ಹೌಸಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ದಾರ ಬಿಡದ ಬಟ್ಟೆಯಲ್ಲಿ ಒರೆಸದೆ ಹೊಸ ಪಂಪ್ ಇಳಿಸಬೇಡಿ. ವೇಸ್ಟ್ ನೂಲಿನ ಎಳೆ ಫಿಲ್ಟರಿಗೆ ಸುತ್ತಿಕೊಂಡರೂ ಲಿಫ್ಟ್ ಮಲಗುತ್ತದೆ.

ಜೋಡಿಸಿದ ಮೇಲೆ ಗೇಜ್ ಹಾಕಿ ನೋಡುವ ಮೆಕ್ಯಾನಿಕ್ಕನ್ನೇ ಹುಡುಕಿ. 135ರ ಪಂಪಿನ ಒತ್ತಡ ಸುಮಾರು 3000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). 5000ದವರೆಗೆ ತೋರಿಸುವ ಗೇಜ್ ಬೇಕು, ಎಣ್ಣೆ ಬೆಚ್ಚಗಿರಬೇಕು, ಒತ್ತಡ ಮಿತಿ ಮುಟ್ಟಿದಾಗ ಎಣ್ಣೆ ಬಿಡುವ ರಿಲೀಫ್ ವಾಲ್ವು ಬಿಟ್ಟ ಸದ್ದು ಕೇಳಿದ ಕೂಡಲೇ ಲಿವರು ಇಳಿಸಬೇಕು. ಒತ್ತಡ ಕಡಿಮೆ ಬಂದರೆ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಟ್ಟು ಏರಿಸುವ ಚಾಳಿ ಇದೆ. ದಯವಿಟ್ಟು ಒಪ್ಪಬೇಡಿ. 35ರ ಹಳೆಯ ಸಿಲಿಂಡರು, ತೋಳು, ಕವರು ಆ ಭಾರಕ್ಕೆ ಮಾಡಿದವಲ್ಲ. ಎತ್ತಿದ ರೋಟವೇಟರಿನ ಕೆಳಗೆ ಯಾರಾದರೂ ಇದ್ದಾಗ ಕವರು ಸೀಳಿದರೆ ಗತಿಯೇನು?

ಮೊದಲ 10 ಗಂಟೆ ಹಗುರ ಕೆಲಸ ಮಾಡಿ, ಕುಂಟೆಯಷ್ಟು ಸಾಕು. ಆಮೇಲೆ ಎಣ್ಣೆಯ ಮಟ್ಟ ನೋಡಿ, ಫಿಲ್ಟರ್ ಬಿಚ್ಚಿ ತೊಳೆಯಿರಿ, ಕವರಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ. ತೆಗೆದ ಹಳೆಯ ಪಂಪನ್ನು ಗುಜರಿಗೆ ಹಾಕಬೇಡಿ. 10 ಹಲ್ಲಿನದಾಗಿದ್ದರೆ ಅದರ ಕ್ಯಾಮ್‌ಶಾಫ್ಟ್ ಮುಂದೆ ಬೇಕಾಗಬಹುದು.